ತಿಂಗಳ ಸೂಜಿ ತಾಲ್ಲೂಕಿಗೂ ಬರಲಿ

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ಸೀಮೆಯಲ್ಲಿ ಚಟ ಎಂದ ಕೂಡಲೇ ಜನರಿಗೆ ನೆನಪಾಗುವುದು ಶೆರೆ ಅಂಗಡಿ. ಅದು ಸಹಜವೇ. ಕೇಂದ್ರ ಸರ್ಕಾರಕ್ಕಾಗಿ ದಿಲ್ಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆ ಹೇಳುವಂತೆ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಅಫೀಮು, ಹೆರಾಯಿನ್ ಹಾಗೂ ಅದೇ ಜಾತಿಯ ನೋವಿನ ಗುಳಿಗೆಗಳಿಗೆ ಕೈ ಹಾಕಿದವರು 2.26 ಕೋಟಿ. ಈ ಎರಡನೆಯ ಚಟ ಬೇಗ ಕಣ್ಣಿಗೆ ಬೀಳುವುದಿಲ್ಲ. ಗುಳಿಗೆ ನುಂಗಿದವನ ಬಾಯಿ ನಾರುವುದಿಲ್ಲ. 2018ರಲ್ಲಿ ಇಂಥದೊಂದು ನೋವಿನ ಗುಳಿಗೆಯಾದ ಟ್ರಮಡಾಲನ್ನು ಮಾದಕವಸ್ತು (ಎನ್‌ಡಿಪಿಎಸ್) ಕಾಯ್ದೆಯೊಳಗೆ ತಂದರು. ಆ ಜಾಗಕ್ಕೆ ಅದೇ ಜಾತಿಯ ಟಪೆಂಟಡಾಲ್ ಬಂದು ಕೂತಿತು.

ಬಿಟ್ಟುಬಿಡು ಎಂದರೆ ಬಿಡುವ ಚಟವಲ್ಲ ಇದು. ಗುಳಿಗೆ ತಪ್ಪಿದ ಮರುದಿನವೇ ಮೂಗು ಸೋರಿ, ಮೈ ಜುಮ್ಮೆಂದು, ಎಲುಬೆಲ್ಲ ಹಿಂಡಿ, ಭೇದಿ ಹತ್ತಿಕೊಳ್ಳುತ್ತದೆ. ನಾಲ್ಕು ದಿನ ಕೋಣೆಯಲ್ಲಿ ಕೂಡಿಹಾಕಿದರೆ ಸರಿಹೋದಾನು ಎಂದು ಮನೆಯವರು ನಂಬುತ್ತಾರೆ. ಅಪಾಯ ಇರುವುದೇ ಅಲ್ಲಿ. ಬಿಟ್ಟ ಕೆಲ ವಾರಗಳಲ್ಲಿ ದೇಹ ತಾಳಿಕೆ ಕಳೆದುಕೊಂಡಿರುತ್ತದೆ. ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು.

ಆದ್ದರಿಂದ ವೈದ್ಯರು ಬುಪ್ರೆನಾರ್ಫಿನ್ ಕೊಡುತ್ತಾರೆ. ಅದು ಮಿದುಳಿನಲ್ಲಿ ಅಫೀಮು ಕೂರುವ ಜಾಗದಲ್ಲೇ ಕೂತು ಅರ್ಧಂಬರ್ಧ ಕೆಲಸ ಮಾಡುತ್ತದೆ: ಸಂಕಟ ತಡೆಯುತ್ತದೆ, ಅಮಲು ಏರಲು ಬಿಡುವುದಿಲ್ಲ. ನಮ್ಮ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಮಾತ್ರೆ ಪುಡಿಮಾಡಿ ನಾಲಿಗೆಯ ಕೆಳಗಿಟ್ಟು, ಕರಗುವತನಕ ನರ್ಸ್ ಎದುರಿಗೇ ಕೂರಿಸುತ್ತಾರೆ. ಬಾಯಿಂದ ತೆಗೆದು ಮಾರುವವರೂ ಇದ್ದಾರಲ್ಲ! ಊರಲ್ಲೇ ಇದ್ದವರಿಗೆ ಇದು ಸರಿ. ಕಲಘಟಗಿಯ ಒಳಹಳ್ಳಿಯ ಕೂಲಿಯವನು ಹತ್ತಿ ಬಿಡಿಸುವ ದಿನಗಳಲ್ಲಿ ಪಗಾರ ಬಿಟ್ಟು, ಬಸ್ಸು ಹಿಡಿದು ದಿನಾ ಧಾರವಾಡಕ್ಕೆ ಬರುತ್ತಾನೆಯೇ? ಬಂದರೂ, ಎಲ್ಲಿಗೆ ಹೊಂಟಿ ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದವರಿಗೆ ಏನು ಹೇಳಬೇಕು?

ಅಮೆರಿಕದಲ್ಲಿ 2017ರಲ್ಲಿ ಅನುಮತಿ ಪಡೆದ ಸಬ್ಲೊಕೇಡ್ ಇದೇ ಔಷಧಿಯ ತಿಂಗಳ ಸೂಜಿ. ಹೊಟ್ಟೆಯ ಚರ್ಮದಡಿ ಚುಚ್ಚಿದಾಗ ದ್ರವ ಗಟ್ಟಿಯಾಗಿ, ಬೆರಳಿಗೆ ಸಿಗುವ ಸಣ್ಣ ಗಂಟಾಗಿ ಉಳಿದು ತಿಂಗಳುದ್ದಕ್ಕೂ ಔಷಧಿ ಬಿಡುತ್ತದೆ. ರಕ್ತನಾಳಕ್ಕೆ ಹೋದರೆ ಜೀವಕ್ಕೇ ಕುತ್ತು. ಹಾಗಾಗಿ ಆರೋಗ್ಯ ಸಿಬ್ಬಂದಿಯೇ ಹಾಕಬೇಕು, ರೋಗಿಯ ಕೈಗೆ ಕೊಡುವಂತಿಲ್ಲ. ಯುರೋಪಿನಲ್ಲಿ 2018ರಿಂದ ಇದೇ ಔಷಧಿಯ ಬುವಿಡಾಲ್ ಸೂಜಿ ಇದೆ, ವಾರಕ್ಕೂ ಉಂಟು, ತಿಂಗಳಿಗೂ ಉಂಟು. ನಾಲ್ಟ್ರೆಕ್ಸೋನ್ ಸೂಜಿಯ ದಾರಿ ಬೇರೆ. ಅದು ಅಫೀಮಿಗೆ ಜಾಗವನ್ನೇ ಮುಚ್ಚುತ್ತದೆ, ಕುಡಿತಕ್ಕೂ ಕೊಡುತ್ತಾರೆ. ಆದರೆ ಮೊದಲು ವಾರ, ಹತ್ತು ದಿನ ಅಫೀಮು ಜಾತಿಯ ಯಾವುದನ್ನೂ ಮುಟ್ಟಿರಬಾರದು. ಆ ಹತ್ತು ದಿನ ದಾಟಿಸುವುದೇ ಕಷ್ಟ.

ಅಡ್ಡಿ ಬೆಲೆಯದು. ಅಮೆರಿಕದಲ್ಲಿ ಸಬ್ಲೊಕೇಡ್‌ನ ಒಂದು ಸೂಜಿಗೆ ಸಾವಿರ ಡಾಲರಿಗೂ ಮೇಲೆ. ಆದರೆ ತಿಂಗಳ ಸೂಜಿ ನಮ್ಮ ಹಳ್ಳಿಗೆ ಹೊಸ ಸಂಗತಿಯಲ್ಲ. ಗುಳಿಗೆ ನುಂಗಲು ಒಪ್ಪದ ಮನೋರೋಗಿಗಳಿಗೆ ಫ್ಲುಫೆನಜಿನ್ ಸೂಜಿಯನ್ನು ಎರಡರಿಂದ ನಾಲ್ಕು ವಾರಕ್ಕೊಮ್ಮೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಕೊಡುವ ರೂಢಿಯಿದೆ. ಆ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ರಾಜ್ಯದಲ್ಲಿ 2014ರಲ್ಲಿ ಶುರುವಾದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡೂ ಇದೆ. ಕುರ್ಚಿ, ವೈದ್ಯರು, ವಾರ ಎಲ್ಲ ಇವೆ, ಔಷಧಿಯೊಂದು ಬೇಕು. ಬೆಲೆ ಇಳಿಸುವ ಚೌಕಾಶಿಗೆ ಇಳಿಯಬೇಕಾದದ್ದು ಸರ್ಕಾರ. ಎಚ್‌ಐವಿ ಔಷಧಿಗಳ ಬೆಲೆ ನೆಲಕ್ಕಿಳಿಸಿದ್ದು ಭಾರತದ ಕಂಪನಿಗಳೇ.

ಅಲ್ಲಿಯವರೆಗೆ ಮನೆಯಲ್ಲಿ ಇಂಥವರಿದ್ದರೆ ಮುಚ್ಚಿಡಬೇಡಿ. ಪೊಲೀಸರ ಭಯವೂ ಬೇಡ: ಸೇವನೆಯ ಅಥವಾ ಅಲ್ಪ ಪ್ರಮಾಣದ ಮಾದಕವಸ್ತುವಿನ ಆರೋಪವಿದ್ದರೂ, ತಾನಾಗಿ ಚಿಕಿತ್ಸೆಗೆ ಬಂದು ಪೂರೈಸಿದ ವ್ಯಸನಿಗೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನ ರಕ್ಷಣೆಯಿದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ. ವ್ಯಸನಮುಕ್ತಿ ಸಹಾಯವಾಣಿ 14446, ಟೆಲಿ ಮನಸ್ 14416; ಎರಡಕ್ಕೂ ಕಾಸಿಲ್ಲ.