ರೊಟ್ಟಿ ಕದ್ದ ನಾಯಿಗೆ ಯಾವ ನ್ಯಾಯ?

ಚನ್ನಗಿರಿಯ ಅಡಿಕೆ ತೋಟದ ಮನೆಯಿರಲಿ, ತುಂಗಭದ್ರೆಯ ದಂಡೆಯ ಹೊನ್ನಾಳಿಯ ಹೆಂಚಿನ ಮನೆಯಿರಲಿ, ನ್ಯಾಮತಿಯ ತಾಂಡಾ ಇರಲಿ, ಜಗಳೂರಿನ ಕುರಿಹಟ್ಟಿಯಿರಲಿ, ನಾಯಿ ಸಾಕಿದ ಕಡೆ ಒಂದು ದೂರು ಮಾತ್ರ ತಪ್ಪಿದ್ದಲ್ಲ. ಬುಟ್ಟಿಯ ಮೇಲೆ ಮುಚ್ಚಿದ್ದ ಬಟ್ಟೆ ಸರಿದಿರುತ್ತದೆ. ಹತ್ತು ರೊಟ್ಟಿ ಇದ್ದಲ್ಲಿ ಏಳೇ ಉಳಿದಿರುತ್ತವೆ. ಮನೆಯ ನಾಯಿ ಹಿತ್ತಿಲ ಮೂಲೆಯಲ್ಲಿ ಕಿವಿ ತಗ್ಗಿಸಿ, ಬಾಲ ಮುದುರಿಕೊಂಡು, ಓರೆಗಣ್ಣಿನಿಂದ ನೋಡುತ್ತಾ ಕುಳಿತಿರುತ್ತದೆ. ‘ನೋಡಿ, ಕಳ್ಳನ ಮುಖ ಹೇಗಿದೆ!’ ಎಂದು ಮನೆಯಾಕೆ ಕೂಗುತ್ತಾಳೆ. ಯಜಮಾನನ ಕೈಗೆ ಕೋಲು ಬರುತ್ತದೆ. ವಿಚಾರಣೆ, ತೀರ್ಪು, ಶಿಕ್ಷೆ ಮೂರೂ ಅರೆಗಳಿಗೆಯಲ್ಲಿ ಮುಗಿದುಹೋಗುತ್ತವೆ.

ಹೊರಗಿನ ಕಳ್ಳರನ್ನು ತಡೆಯಲೆಂದು ಸಾಕಿದ ಪ್ರಾಣಿಯೇ ಒಳಗಿನ ಕಳ್ಳನಾಗುವುದು ವಿನೋದದ ಸಂಗತಿ. ಆದರೆ ಈ ವಿನೋದದ ಹಿಂದೆ ಕೆಲವು ಗಂಭೀರ ಪ್ರಶ್ನೆಗಳಿವೆ. ನಾಯಿ ಮಾಡುವುದು ನಿಜವಾಗಿ ಕಳ್ಳತನವೇ? ತಾನು ತಪ್ಪು ಮಾಡಿದೆನೆಂದು ಅದಕ್ಕೆ ತಿಳಿದಿರುತ್ತದೆಯೇ? ಆ ‘ಕಳ್ಳನ ಮುಖ’ವನ್ನು ಸಾಕ್ಷಿಯೆಂದು ಒಪ್ಪಬಹುದೇ? ಈ ಪ್ರಶ್ನೆಗಳಿಗೆ ಜನಪದರೂ, ಪುರಾಣಕಾರರೂ, ಶಾಸನ ಬರೆಸಿದವರೂ, ಇತ್ತೀಚಿನ ವಿಜ್ಞಾನಿಗಳೂ ತಂತಮ್ಮ ರೀತಿಯಲ್ಲಿ ಉತ್ತರ ಹುಡುಕಿದ್ದಾರೆ.

ಎಂಜಲಿನ ನಂಟು

ನಾಯಿ ತೋಳದ ಕುಲದ್ದು. ಅದು ಮನುಷ್ಯನ ಜೊತೆ ಬಾಳಲು ತೊಡಗಿ ಹದಿನೈದು ಸಾವಿರ ವರ್ಷಗಳಾದರೂ ಆಗಿವೆಯೆಂದು ವಿದ್ವಾಂಸರು ಲೆಕ್ಕ ಹಾಕುತ್ತಾರೆ. ಈ ನಂಟು ಬೆಳೆದದ್ದು ಬಹುಮಟ್ಟಿಗೆ ಊಟದ ದಾರಿಯಲ್ಲೇ. ಬೀಡಿನ ಸುತ್ತ ಬಿದ್ದ ಮೂಳೆ, ಎಂಜಲುಗಳನ್ನು ಹುಡುಕಿಕೊಂಡು ಬಂದ, ಮನುಷ್ಯರಿಗೆ ಅಷ್ಟಾಗಿ ಹೆದರದ ತೋಳಗಳೇ ಕಾಲಕ್ರಮದಲ್ಲಿ ನಾಯಿಗಳಾದವು ಎಂಬುದು ಪ್ರಬಲವಾದ ಒಂದು ವಾದ.

ಇದರ ಗುರುತು ನಾಯಿಯ ಮೈಯಲ್ಲೇ ಉಳಿದಿದೆ. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಪಿಷ್ಟವನ್ನು ಜೀರ್ಣಿಸಲು ಬೇಕಾದ ಒಂದು ಜೀನು ತೋಳದಲ್ಲಿ ಎರಡೇ ಪ್ರತಿಗಳಲ್ಲಿದ್ದರೆ ನಾಯಿಯಲ್ಲಿ 4ರಿಂದ 30 ಪ್ರತಿಗಳವರೆಗೆ ಇರುತ್ತದೆ. ತೋಳಕ್ಕೆ ಒಗ್ಗದ ರಾಗಿಮುದ್ದೆ, ಜೋಳದ ರೊಟ್ಟಿ, ಅನ್ನ ನಾಯಿಗೆ ಒಗ್ಗುವುದು ಇದರಿಂದಲೇ. ಮನುಷ್ಯ ಬೇಸಾಯ ಕಲಿತಂತೆ ನಾಯಿಯ ಹೊಟ್ಟೆಯೂ ಬೇಸಾಯಗಾರನ ಊಟವನ್ನು ಕಲಿಯಿತು. ಹಾಗಾಗಿ ಬುಟ್ಟಿಗೆ ಬಾಯಿ ಹಾಕುವ ನಾಯಿ ಪರರ ಸೊತ್ತನ್ನು ಅಪಹರಿಸುತ್ತಿದ್ದೇನೆಂದು ತಿಳಿಯುವುದಿಲ್ಲ. ತನ್ನ ಹಿರಿಯರು ಯಾವ ಕೆಲಸದಿಂದ ನಾಯಿಗಳಾದರೋ ಆ ಕೆಲಸವನ್ನೇ ಮುಂದುವರಿಸುತ್ತಿರುತ್ತದೆ.

ನೆಲುವು ಮತ್ತು ಮಡಕೆ

ಹಳೆಯ ಮನೆಗಳಲ್ಲಿ ಇದಕ್ಕೆ ತಕ್ಕ ವ್ಯವಸ್ಥೆಯಿತ್ತು. ಹಾಲು, ಮೊಸರು, ಬೆಣ್ಣೆಗಳ ಗಡಿಗೆಗಳನ್ನು ತೊಲೆಗೆ ಕಟ್ಟಿದ ನೆಲುವಿನಲ್ಲಿ ಇಡುತ್ತಿದ್ದರು. ಹಗ್ಗದಲ್ಲಿ ತೂಗುವ ಆ ನೆಲುವು ಬೆಕ್ಕಿಗೂ ನಾಯಿಗೂ ಎಟುಕದು. ಅನ್ನದ ಪಾತ್ರೆಯ ಮುಚ್ಚಳದ ಮೇಲೆ ಗುಂಡುಕಲ್ಲು ಕೂರುತ್ತಿತ್ತು. ನಾಯಿ ಒಳಗೆ ಕಾಲಿಡದಂತೆ ಹೊಸ್ತಿಲೇ ಗಡಿಯಾಗಿತ್ತು. ಮರಿಯಿದ್ದಾಗಿನಿಂದ ಆ ಗಡಿಯನ್ನು ಕಲಿತ ನಾಯಿ ಅಂಗಳ, ಜಗಲಿಗಳಲ್ಲೇ ಬಾಳನ್ನು ಕಳೆಯುತ್ತಿತ್ತು.

‘ನಾಯಿ ಮುಟ್ಟಿದ ಮಡಕೆ’ ಎಂಬ ಮಾತು ಹುಟ್ಟಿದ್ದು ಇಂಥ ಮನೆಗಳಲ್ಲಿ. ಹಿತ್ತಾಳೆಯ ಪಾತ್ರೆಗೆ ನಾಯಿ ಬಾಯಿ ಹಾಕಿದರೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತೊಳೆದರಾಯಿತು. ಮಣ್ಣಿನ ಮಡಕೆಯ ಮೈಯಲ್ಲಿ ಸಣ್ಣ ರಂಧ್ರಗಳಿರುತ್ತವೆ. ಒಳಗಿನದ್ದನ್ನು ಅದು ಹೀರಿಕೊಳ್ಳುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಅದನ್ನು ಒಡೆದು ಎಸೆಯುವುದೇ ದಾರಿ. ಬಡವರ ಮನೆಯಲ್ಲಿ ಒಂದು ಮಡಕೆ, ಅದರೊಳಗಿನ ಒಂದು ಹೊತ್ತಿನ ಊಟ ಎರಡೂ ಹೋದರೆ ಅದು ಸಣ್ಣ ನಷ್ಟವಲ್ಲ. ನಾಯಿಯ ಮೇಲೆ ಬೀಳುತ್ತಿದ್ದ ಪೆಟ್ಟಿನಲ್ಲಿ ಮಡಿಯ ಸಿಟ್ಟಿಗಿಂತ ಈ ಹಸಿವಿನ ಸಿಟ್ಟೇ ಹೆಚ್ಚಿದ್ದರೆ ಆಶ್ಚರ್ಯವಿಲ್ಲ.

ನಾಯಿಯ ಪಾಲು

ಆದರೆ ಕಟ್ಟುಪಾಡಿಗೆ ಇನ್ನೊಂದು ಮುಖವೂ ಇತ್ತು. ನಾಯಿಗೆ ಗಡಿ ಹಾಕಿದಂತೆ ಅದರ ಪಾಲನ್ನೂ ಗೊತ್ತುಮಾಡಿದ್ದರು. ಎಲ್ಲರ ಊಟ ಮುಗಿದ ಮೇಲೆ ಒಂದು ಮುದ್ದೆ, ಒಂದು ಹಿಡಿ ಅನ್ನ, ಒಣಗಿದ ರೊಟ್ಟಿಯ ಚೂರು ಅಂಗಳದ ಕಲ್ಲಿನ ಬಾನಿಗೆ ಬಂದೇ ಬರುತ್ತಿತ್ತು. ಕುರಿಗಾಹಿಯ ಬುತ್ತಿಯಲ್ಲಿ ಹಿಂಡು ಕಾಯುವ ನಾಯಿಯ ತುತ್ತೂ ಸೇರಿರುತ್ತಿತ್ತು.

ಈ ಪಾಲಿನ ಕಲ್ಪನೆ ಎಷ್ಟು ಹಳೆಯದೆಂಬುದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಸಾಕ್ಷಿ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಕಲ್ಲು ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ ‘ಬೇಕಾದದ್ದನ್ನು ಕೇಳು’ ಎಂದಾಗ, ಮಣಲೇರ ಕೇಳಿದ್ದು ದೊರೆಯ ಬಳಿಯಿದ್ದ ‘ಕಾಳಿ’ ಎಂಬ ನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿತು. ಎರಡೂ ಸತ್ತವು. ನಾಯಿಯ ನೆನಪಿಗೆ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಈ ಕಲ್ಲನ್ನು ಪೂಜಿಸದೆ ತಾನು ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆಂದು ಶಾಸನ ಎಚ್ಚರಿಸುತ್ತದೆ. ಮನುಷ್ಯನ ಊಟಕ್ಕೆ ನಾಯಿ ಬಾಯಿ ಹಾಕುವುದನ್ನು ತಡೆಯಲು ನೆಲುವು ಕಟ್ಟಿದ ನಾಡಿನಲ್ಲೇ, ನಾಯಿಗೆ ಸಲ್ಲಬೇಕಾದದ್ದನ್ನು ಮನುಷ್ಯ ತಪ್ಪಿಸಬಾರದೆಂದು ಕಲ್ಲಿನಲ್ಲಿ ಬರೆಸಿದವರೂ ಇದ್ದರು.

ಗೊರವ ಎಂಬ ಹೆಸರು ಹೊನ್ನಾಳಿ, ನ್ಯಾಮತಿಗಳ ಜನಕ್ಕೆ ಹೊಸದಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೂ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೂ ಈ ಸೀಮೆಯ ಒಕ್ಕಲುಗಳು ಜಾತ್ರೆಗೆ ಹೋಗುತ್ತಾರೆ. ಕರಿಯ ಕಂಬಳಿ ಹೊದ್ದು, ಡಮರುಗ ಹಿಡಿದು, ಭಂಡಾರ ಬಳಿದುಕೊಂಡ ಗೊರವಯ್ಯಗಳು ಅಲ್ಲಿ ತಮ್ಮನ್ನು ಮೈಲಾರಲಿಂಗನ ನಾಯಿಗಳೆಂದೇ ಭಾವಿಸುತ್ತಾರೆ. ದೋಣಿ ಸೇವೆಯ ಹೊತ್ತಿಗೆ ಮರದ ದೋಣಿಗಳಲ್ಲಿ ಭಕ್ತರು ಹಾಲು, ಬಾಳೆಹಣ್ಣು ಮುಂತಾದವನ್ನು ಬಡಿಸುತ್ತಾರೆ. ಗೊರವಯ್ಯಗಳು ಮಂಡಿಯೂರಿ, ನಾಯಿಯಂತೆ ಬೊಗಳುತ್ತಾ, ಕೈ ಹಚ್ಚದೆ ಬಾಯಿಂದಲೇ ಕಸಿದುಕೊಂಡು ತಿನ್ನುತ್ತಾರೆ. ಮನೆಯಲ್ಲಿ ಪೆಟ್ಟಿಗೆ ಕಾರಣವಾಗುವ ವರ್ತನೆಯೇ ದೇವರ ಮುಂದೆ ಸೇವೆಯಾಗುತ್ತದೆ. ಒಡೆಯನ ಅನ್ನದ ಮೇಲೆ ನಂಬಿದ ನಾಯಿಗೆ ಹಕ್ಕಿದೆ ಎಂಬ ಮಾತನ್ನು ಈ ಆಚರಣೆ ಹೇಳುತ್ತಿರುವಂತಿದೆ.

ಸಂತ ನಾಮದೇವನ ಕಥೆಯೂ ಇದೇ ಜಾಡಿನದು. ಅವನ ರೊಟ್ಟಿಯನ್ನು ನಾಯಿಯೊಂದು ಕಚ್ಚಿಕೊಂಡು ಓಡಿತಂತೆ. ನಾಮದೇವ ಅದರ ಹಿಂದೆ ಓಡಿದ, ಕೋಲು ಹಿಡಿದಲ್ಲ, ತುಪ್ಪದ ಬಟ್ಟಲು ಹಿಡಿದು. ಒಣ ರೊಟ್ಟಿ ತಿನ್ನಬೇಡ, ತುಪ್ಪ ಹಚ್ಚಿಕೊಡುತ್ತೇನೆ ಎಂಬುದು ಅವನ ಕೂಗು. ಆ ನಾಯಿಯಲ್ಲಿ ಅವನು ವಿಠಲನನ್ನೇ ಕಂಡಿದ್ದ. ಎಲ್ಲರೂ ನಾಮದೇವರಾಗಲು ಸಾಧ್ಯವಿಲ್ಲ. ಆದರೂ ಕದ್ದ ನಾಯಿಯ ಹಿಂದೆ ಓಡುವುದಕ್ಕೆ ಎರಡು ರೀತಿಗಳಿವೆ ಎಂಬುದನ್ನು ಆ ಕಥೆ ನೆನಪಿಸುತ್ತದೆ.

ಕಣ್ತಪ್ಪಿಸುವ ಜಾಣತನ

ನಾಯಿ ಯಜಮಾನನ ಕಣ್ಣನ್ನು ಗಮನಿಸಿಯೇ ಬಾಯಿ ಹಾಕುತ್ತದೆ ಎಂಬುದು ಸಾಕಿದವರ ಅನುಭವ. ಪ್ರಯೋಗಗಳೂ ಇದನ್ನು ಒಪ್ಪುತ್ತವೆ. ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ಮುಟ್ಟಬೇಡ’ ಎಂದು ಹೇಳಿದ ತಿನಿಸನ್ನು ನಾಯಿಗಳು ಮನುಷ್ಯ ನೋಡುತ್ತಿದ್ದಾಗ ಕಡಿಮೆ ತೆಗೆದುಕೊಂಡವು. ಅವನು ಬೆನ್ನು ತಿರುಗಿಸಿದಾಗ, ಕಣ್ಣು ಮುಚ್ಚಿದಾಗ ಹೆಚ್ಚು ತೆಗೆದುಕೊಂಡವು. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಜೂಲಿಯಾನೆ ಕಾಮಿನ್ಸ್ಕಿ ಮತ್ತು ಜೊತೆಗಾರರು 84 ನಾಯಿಗಳೊಂದಿಗೆ ನಡೆಸಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ತಿನಿಸಿನ ಸುತ್ತ ಬೆಳಕಿದ್ದಾಗ ಹಿಂಜರಿದ ನಾಯಿಗಳು, ಅದು ಕತ್ತಲಲ್ಲಿದ್ದಾಗ ಹೆಚ್ಚು ಧೈರ್ಯವಾಗಿ ಬಾಯಿ ಹಾಕಿದವು.

ಹಾಗಾದರೆ ನಾಯಿಗೆ ಪಾಪಪ್ರಜ್ಞೆ ಇದೆಯೆಂದಾಯಿತೇ? ಹಾಗೆ ಹೇಳಲು ಬರುವುದಿಲ್ಲ. ಈಗ ತೆಗೆದುಕೊಂಡರೆ ಗದರಿಕೆ, ಆಮೇಲೆ ತೆಗೆದುಕೊಂಡರೆ ಇಲ್ಲ ಎಂಬ ಲೆಕ್ಕವಷ್ಟೇ ಅದಕ್ಕೆ ಸಾಕು. ಒಮ್ಮೆ ಕೋಳಿಸಾರಿನ ತುಂಡು ಸಿಕ್ಕಿದ ಜಾಗವನ್ನು ಅದು ಮರೆಯುವುದಿಲ್ಲ. ಹತ್ತು ಸಲ ಬರಿಗೈಯಾದರೂ ಹನ್ನೊಂದನೆಯ ಸಲ ಇಣುಕಿ ನೋಡುತ್ತದೆ. ಕೆಲವು ನಾಯಿಗಳಿಗೆ ಹಸಿವೇ ಹುಟ್ಟುಗುಣ. ಪೇಟೆಯ ಮನೆಗಳಲ್ಲಿ ಸಾಕುವ ಲ್ಯಾಬ್ರಡಾರ್ ತಳಿಯ ನಾಲ್ಕರಲ್ಲಿ ಸುಮಾರು ಒಂದಕ್ಕೆ, ಹೊಟ್ಟೆ ತುಂಬಿದ್ದನ್ನು ತಿಳಿಸುವ ಏರ್ಪಾಡಿಗೆ ಸಂಬಂಧಿಸಿದ ಜೀನಿನಲ್ಲೇ ಕೊರತೆಯಿದೆಯೆಂದು ಕೇಂಬ್ರಿಜ್‌ನ ಸಂಶೋಧಕರು 2016ರಲ್ಲಿ ತಿಳಿಸಿದರು.

ಸರಮೆಯ ಪ್ರಶ್ನೆ

ಇನ್ನು ಆ ‘ಕಳ್ಳನ ಮುಖ’ದ ಮಾತು. ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 14 ನಾಯಿಗಳೊಂದಿಗೆ ನಡೆಸಿದ ಪ್ರಯೋಗವನ್ನು 2009ರಲ್ಲಿ ಪ್ರಕಟಿಸಿದರು. ಯಜಮಾನ ‘ತಿನ್ನಬೇಡ’ ಎಂದು ಹೇಳಿ ಕೋಣೆಯಿಂದ ಹೊರಗೆ ಹೋಗುತ್ತಾನೆ. ಮರಳಿ ಬಂದಾಗ ನಾಯಿ ತಿಂದಿತೋ ಇಲ್ಲವೋ ಎಂದು ಅವನಿಗೆ ತಿಳಿಸುತ್ತಾರೆ. ಆದರೆ ಕೆಲವು ಸಲ ಹೇಳಿದ್ದು ಸುಳ್ಳು. ತಗ್ಗಿದ ಕಿವಿ, ಮುದುರಿದ ಬಾಲ, ತಪ್ಪಿಸುವ ನೋಟ ಕಂಡದ್ದು ತಿಂದ ನಾಯಿಯಲ್ಲಿ ಅಲ್ಲ, ಬೈಗುಳ ತಿಂದ ನಾಯಿಯಲ್ಲಿ. ಏನನ್ನೂ ತಿನ್ನದೆ ಬೈಸಿಕೊಂಡ ನಾಯಿಗಳಲ್ಲೇ ಅದು ಹೆಚ್ಚು ಎದ್ದು ಕಂಡಿತು. ಮನೆಯವರು ತಪ್ಪೊಪ್ಪಿಗೆ ಎಂದುಕೊಳ್ಳುವುದು ಸಿಟ್ಟಾದ ಯಜಮಾನನ ಮುಂದೆ ತೋರುವ ಅಂಜಿಕೆಯಷ್ಟೇ. ಬೆಕ್ಕೋ, ಮನೆಯ ಮಗುವೋ ತೆಗೆದ ರೊಟ್ಟಿಗೂ ನಾಯಿಯ ಮುಖ ಹಾಗೆಯೇ ಆಗುತ್ತದೆ.

ವಿಚಿತ್ರವೆಂದರೆ ಮಹಾಭಾರತದ ಆದಿಪರ್ವ ಈ ಪ್ರಶ್ನೆಯನ್ನು ತನ್ನ ಆರಂಭದಲ್ಲೇ ಎತ್ತಿದೆ. ಕುರುಕ್ಷೇತ್ರದಲ್ಲಿ ಜನಮೇಜಯನು ಯಾಗ ಮಾಡುತ್ತಿದ್ದಾಗ ದೇವತೆಗಳ ನಾಯಿಯಾದ ಸರಮೆಯ ಮರಿ ಅಲ್ಲಿಗೆ ಬರುತ್ತದೆ. ರಾಜನ ತಮ್ಮಂದಿರು ಅದನ್ನು ಹೊಡೆದಟ್ಟುತ್ತಾರೆ. ಅಳುತ್ತಾ ಬಂದ ಮರಿಯನ್ನು ತಾಯಿ ‘ನೀನೇನಾದರೂ ತಪ್ಪು ಮಾಡಿರಬೇಕು’ ಎಂದು ಮೊದಲು ಕೇಳುತ್ತದೆ. ಹವಿಸ್ಸನ್ನು ನೆಕ್ಕಲಿಲ್ಲ, ಅದರತ್ತ ನೋಡಲೂ ಇಲ್ಲ ಎನ್ನುತ್ತದೆ ಮರಿ. ಸರಮೆ ಯಾಗಶಾಲೆಗೇ ಹೋಗಿ, ತಪ್ಪು ಮಾಡದವನನ್ನು ಏಕೆ ಹೊಡೆದಿರೆಂದು ಕೇಳುತ್ತದೆ. ಉತ್ತರ ಬರುವುದಿಲ್ಲ. ಕಾಣದ ಭಯ ನಿಮ್ಮನ್ನು ಕಾಡಲಿ ಎಂದು ಅದು ಶಾಪ ಕೊಡುತ್ತದೆ. ಅಷ್ಟು ದೊಡ್ಡ ಅರಸನೂ ಆ ಮಾತಿಗೆ ನಡುಗಿ ಶಾಪ ನಿವಾರಿಸಬಲ್ಲ ಪುರೋಹಿತನನ್ನು ಹುಡುಕಿಕೊಂಡು ಹೊರಡುತ್ತಾನೆ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಪುಣ್ಯಕ್ಷೇತ್ರ, ಸಂತ ಸೇವಾಲಾಲರ ಜನ್ಮಸ್ಥಳ. ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ದೇಶ ಸುತ್ತುತ್ತಿದ್ದ ಬಂಜಾರರಿಗೆ ನಾಯಿಯೇ ಕಾವಲುಗಾರ. ಅವರ ಬಗ್ಗೆ ದೇಶದ ಹಲವೆಡೆ ಒಂದು ಕಥೆ ಹೇಳುತ್ತಾರೆ. ಬಂಜಾರನೊಬ್ಬ ಸಾಲಕ್ಕೆ ಈಡಾಗಿ ತನ್ನ ನಾಯಿಯನ್ನು ಸಾಹುಕಾರನಲ್ಲಿ ಬಿಟ್ಟ. ಸಾಹುಕಾರನ ಮನೆಗೆ ಕಳ್ಳರು ಬಿದ್ದಾಗ ನಾಯಿ ಮಾಲನ್ನು ಬಚ್ಚಿಟ್ಟ ಜಾಗ ತೋರಿಸಿತು. ಮೆಚ್ಚಿದ ಸಾಹುಕಾರ ‘ಸಾಲ ತೀರಿತು’ ಎಂದು ಚೀಟಿ ಬರೆದು ಅದರ ಕೊರಳಿಗೆ ಕಟ್ಟಿ ಕಳುಹಿಸಿದ. ಓಡಿ ಬರುತ್ತಿದ್ದ ನಾಯಿಯನ್ನು ದೂರದಿಂದಲೇ ಕಂಡ ಬಂಜಾರ, ಕೊಟ್ಟ ಮಾತನ್ನು ಇದು ಮುರಿಯಿತೆಂದು ಸಿಟ್ಟಿನಲ್ಲಿ ಹೊಡೆದು ಕೊಂದ. ಚೀಟಿ ಕಣ್ಣಿಗೆ ಬಿದ್ದದ್ದು ಆಮೇಲೆ. ಛತ್ತೀಸ್‌ಗಢದ ಬಾಲೋದ್ ಜಿಲ್ಲೆಯಲ್ಲಿ ಅಂಥ ನಾಯಿಯ ಹೆಸರಿನ ಗುಡಿಯೇ ಇದೆ.

ಪಾತ್ರೆಯೊಳಗಿನ ಅಪಾಯ

ನೆಲುವು ಈಗ ಮನೆಗಳಿಂದ ಮರೆಯಾಗಿದೆ. ಊಟದ ಮೇಜು ನಾಯಿಯ ಮೂಗಿನ ಎತ್ತರಕ್ಕೆ ಇಳಿದಿದೆ. ಹೊಸ್ತಿಲ ಗಡಿ ಅಳಿಸಿ ನಾಯಿ ಸೋಫಾದವರೆಗೆ ಬಂದಿದೆ. ‘ನಾಯಿಗೆ ಸಲಿಗೆ ಕೊಟ್ಟರೆ ಮೂತಿ ನೆಕ್ಕಿತು’ ಎಂಬ ಗಾದೆಯನ್ನು ನೆನೆದು ನಕ್ಕುಬಿಡಬಹುದು. ಆದರೆ ಈಗ ಕದ್ದ ತಿಂಡಿಯಿಂದ ಮನೆಗಾಗುವ ನಷ್ಟಕ್ಕಿಂತ ನಾಯಿಗಾಗುವ ಕೇಡೇ ಹೆಚ್ಚು. ಈರುಳ್ಳಿ, ಬೆಳ್ಳುಳ್ಳಿ ಹಸಿಯಿರಲಿ, ಬೆಂದಿರಲಿ, ನಾಯಿಯ ಕೆಂಪು ರಕ್ತಕಣಗಳನ್ನು ಕೆಡಿಸುತ್ತವೆ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕುತ್ತು ತರಬಲ್ಲದು. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ಹೃದಯಕ್ಕೂ ನರಗಳಿಗೂ ವಿಷ. ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ಮಿನ ಕ್ಸೈಲಿಟಾಲ್ ರಕ್ತದ ಸಕ್ಕರೆಯನ್ನು ಏಕಾಏಕಿ ಇಳಿಸುತ್ತದೆ. ಬೆಂದ ಕೋಳಿಮೂಳೆ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ. ಇಂಥದ್ದನ್ನು ತಿಂದ ನಾಯಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬಾರದು. ಏನು, ಎಷ್ಟು, ಯಾವಾಗ ತಿಂದಿತೆಂಬುದನ್ನು ಗುರುತಿಟ್ಟುಕೊಂಡು ಪಶುವೈದ್ಯರ ಬಳಿಗೆ ಒಯ್ಯಬೇಕು.

ತಡೆಯುವ ದಾರಿ ಹಳೆಯ ಮನೆಗಳೇ ತೋರಿಸಿಕೊಟ್ಟದ್ದು. ಮೊದಲನೆಯದು, ಎಟುಕದಂತೆ ಇಡುವುದು. ನೆಲುವಿನ ಕೆಲಸವನ್ನು ಈಗ ಕಪಾಟಿನ ಬಾಗಿಲು ಮಾಡಬೇಕು. ಎರಡನೆಯದು, ಹೊತ್ತಿಗೆ ಸರಿಯಾಗಿ ಅದರ ಪಾಲನ್ನು ಅದರ ತಟ್ಟೆಗೆ ಹಾಕುವುದು. ಮೂರನೆಯದು, ಮೇಜಿನಿಂದ ತುತ್ತು ಎಸೆಯದಿರುವುದು. ಇಂದು ಮುದ್ದಿನಿಂದ ಕೊಟ್ಟ ತುತ್ತೇ ನಾಳೆಯ ಕಳ್ಳತನಕ್ಕೆ ಪಾಠ. ಬಾಯಿ ಹಾಕುವ ಗಳಿಗೆಯಲ್ಲೇ ‘ಬೇಡ’ ಎಂದು ತಡೆದರೆ ಅದಕ್ಕೆ ಅರ್ಥವಾಗುತ್ತದೆ. ಅರ್ಧ ಗಂಟೆಯ ಮೇಲೆ ಹೊಡೆದರೆ ರೊಟ್ಟಿಗೂ ಪೆಟ್ಟಿಗೂ ಇರುವ ಸಂಬಂಧ ಅದಕ್ಕೆ ತಿಳಿಯುವುದಿಲ್ಲ. ಯಜಮಾನ ಮನೆಗೆ ಬಂದರೆ ಪೆಟ್ಟು ಬೀಳುತ್ತದೆ ಎಂಬುದೊಂದನ್ನೇ ಅದು ಕಲಿಯುತ್ತದೆ.

ಬುಟ್ಟಿಯಲ್ಲಿ ಮೂರು ರೊಟ್ಟಿ ಕಡಿಮೆಯಾದ ದಿನ ಕೋಲು ಎತ್ತಿಕೊಳ್ಳುವ ಮುಂಚೆ, ಬುಟ್ಟಿಯನ್ನು ಕೆಳಗೆ ಇಟ್ಟವರು ಯಾರು, ಬೆಳಗ್ಗೆ ನಾಯಿಯ ತಟ್ಟೆಗೆ ಏನಾದರೂ ಬಿತ್ತೇ ಎಂದು ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು. ಯಾಗಶಾಲೆಯಲ್ಲಿ ಸರಮೆ ಕೇಳಿದ ಪ್ರಶ್ನೆಗೆ ಅರಸನ ತಮ್ಮಂದಿರಲ್ಲಿ ಉತ್ತರವಿರಲಿಲ್ಲ. ಮನೆಯ ನಾಯಿಗೆ ಆ ಪ್ರಶ್ನೆ ಕೇಳಲು ಬಾಯಿಲ್ಲ.