ವೇಗವೂ ಬೇಕು, ಬಾಳಿಕೆಯೂ ಬೇಕು

2011ರ ಜನವರಿಯಲ್ಲಿ ಇಂಟೆಲ್ ಹೊರತಂದ ಕೋರ್ ಐ5-2500ಕೆ ಪ್ರೊಸೆಸರ್‌ನ ಹೆಸರು ಗೇಮಿಂಗ್ ಪ್ರಿಯರ ಬಾಯಲ್ಲಿ ಈಗಲೂ ಇದೆ. ಅದರ ಮೂಲ ವೇಗ 3.3 ಗಿಗಾಹರ್ಟ್ಸ್. ಒಳ್ಳೆಯ ಕೂಲರ್ ಕೂರಿಸಿ, ಬಯಾಸ್‌ನಲ್ಲಿ ವೇಗದ ಮಲ್ಟಿಪ್ಲೈಯರ್ ಏರಿಸಿದರೆ, ಅಂದರೆ ಓವರ್‌ಕ್ಲಾಕ್ ಮಾಡಿದರೆ, 4.5ರ ಆಸುಪಾಸಿನಲ್ಲಿ ಆರಾಮಾಗಿ ಓಡುತ್ತಿತ್ತು. ಹಾಗೆ ಓಡಿದ ಎಷ್ಟೋ ಯಂತ್ರಗಳು ವರ್ಷಗಟ್ಟಲೆ ಬಾಳಿದವು.

ಬಾಳಿಕೆಯ ಗುಟ್ಟಿರುವುದು ವೋಲ್ಟೇಜ್‌ನಲ್ಲಿ. ವೇಗ ಹೆಚ್ಚಿದಂತೆ ಚಿಪ್ ಹೆಚ್ಚು ವೋಲ್ಟೇಜ್ ಕೇಳುತ್ತದೆ. ಅದನ್ನು ಶೇ. 10ರಷ್ಟು ಏರಿಸಿದರೆ, ವೇಗ ಅಷ್ಟೇ ಇದ್ದರೂ, ವಿದ್ಯುತ್ ಬಳಕೆ ಸುಮಾರು ಶೇ. 21 ಹೆಚ್ಚುತ್ತದೆ. ಹೆಚ್ಚಿದ ವಿದ್ಯುತ್ ಪ್ರವಾಹಕ್ಕೆ, ಅದರ ಕಾವಿಗೆ ಚಿಪ್‌ನೊಳಗಿನ ಅತಿಸೂಕ್ಷ್ಮ ತಂತಿಗಳಲ್ಲಿ ಲೋಹದ ಪರಮಾಣುಗಳೇ ಮೆಲ್ಲಗೆ ಜಾಗ ಬಿಟ್ಟು ಸರಿಯತೊಡಗುತ್ತವೆ. ಕೊನೆಯ 100 ಮೆಗಾಹರ್ಟ್ಸ್‌ಗಾಗಿ ಹಟ ಹಿಡಿಯುವುದು ದಂಡವೇ ಸರಿ.

ಬಾಳಿಕೆಗೆ ವಿದ್ಯುತ್ ಕೊಡುವ ಭಾಗಗಳೂ ಚೆನ್ನಾಗಿರಬೇಕು. ಆದರೆ ಪಿಸಿ ಜೋಡಿಸುವ ಹೊಸಬರು ದುಡ್ಡನ್ನೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಸುರಿದು, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಹತ್ತಿರ ಬಂದಾಗ ಕೈ ಬಿಗಿ ಹಿಡಿಯುತ್ತಾರೆ. ಡಬ್ಬದ ಮೇಲಿನ ‘80 ಪ್ಲಸ್’ ಗುರುತು ಹೇಳುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನಷ್ಟೇ; ಒಳಗಿನ ಕೆಪಾಸಿಟರ್ ಎಂಥದ್ದೆಂದು ಅದು ಹೇಳದು. 105 ಡಿಗ್ರಿ ಸೆಲ್ಸಿಯಸ್‌ಗೆ ತಯಾರಾದ ಕೆಪಾಸಿಟರ್‌ಗಳಿದ್ದರೆ ಒಳ್ಳೆಯದು. ಕಾವು 10 ಡಿಗ್ರಿ ಇಳಿದರೆ ಅವುಗಳ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಗಾಳಿಯಾಡುವ ಕ್ಯಾಬಿನೆಟ್ ಬೇಕೆನ್ನುವುದು ಇದಕ್ಕೇ. ಮದರ್‌ಬೋರ್ಡ್‌ನಲ್ಲೂ ಅಷ್ಟೇ: ಬಣ್ಣದ ದೀಪ ಹಾಗಿರಲಿ, ಪ್ರೊಸೆಸರ್‌ಗೆ ವಿದ್ಯುತ್ ಹಂಚುವ ಭಾಗದ ಮೇಲೆ ದಪ್ಪ ಹೀಟ್‌ಸಿಂಕ್ ಇದೆಯೇ ನೋಡಬೇಕು.

ಓವರ್‌ಕ್ಲಾಕ್ ಮಾಡದಿದ್ದರೂ ವೋಲ್ಟೇಜ್ ಕಾಡಬಹುದು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಚಿಪ್‌ಗಳು ಮಿತಿಮೀರಿದ ವೋಲ್ಟೇಜ್‌ನಿಂದ ಹಾಳಾಗುತ್ತಿದ್ದುದನ್ನು 2024ರಲ್ಲಿ ಕಂಪನಿಯೇ ಒಪ್ಪಿಕೊಂಡು, ವಾರಂಟಿಯನ್ನು 2 ವರ್ಷ ವಿಸ್ತರಿಸಿತು. ಅಂಥ ಚಿಪ್ ಕೊಳ್ಳುವವರು ಮೊದಲು ಬಯಾಸ್ ಅಪ್‌ಡೇಟ್ ಮಾಡಿಕೊಳ್ಳಬೇಕು. ಸೆಕೆಂಡ್ ಹ್ಯಾಂಡ್ ಆದರೆ ವಾರಂಟಿ ಉಳಿದಿದೆಯೇ ವಿಚಾರಿಸಬೇಕು, ಏಕೆಂದರೆ ಒಮ್ಮೆ ಸವೆದ ಚಿಪ್ಪನ್ನು ಅಪ್‌ಡೇಟ್ ಸರಿಪಡಿಸದು.