1851ರ ಟ್ರೇನಲ್ಲಿ ಕಾರಿಡಾರ್ ಇರಲಿಲ್ಲ ಕಣ್ರೀ!

ನಮ್ಮ ಕ್ಲಬ್ಬಿಗೆ ಈ ಸಲ ಒಂದು ವಿಕ್ಟೋರಿಯನ್ ಥ್ರಿಲ್ಲರ್ ಕಥೆ ಬಂದಿತ್ತು. ವರ್ಷ 1851. ಲಂಡನ್ನಿನ ಗ್ರೇಟ್ ಎಕ್ಸಿಬಿಷನ್ ನೋಡಿಕೊಂಡು ನಾಯಕಿ ಪ್ಯಾಡಿಂಗ್ಟನ್‌ನಿಂದ ಬ್ರಿಸ್ಟಲ್‌ಗೆ ಹೊರಡ್ತಾಳೆ. ಎದುರು ಸೀಟಿನವನು ಚಾಕು ತೆಗೀತಾನೆ. ಅವಳು ಕಾರಿಡಾರಲ್ಲಿ ಓಡಿ, ಚೈನ್ ಎಳೆದು ಟ್ರೇನ್ ನಿಲ್ಲಿಸ್ತಾಳೆ. ಓದೋಕೆ ಮಜಾ ಇತ್ತು. ಆದರೆ ಎಡಿಟ್ ಮಾಡಲು ಕೂತ ನಾವು ವಿವರಗಳನ್ನ ಚೆಕ್ ಮಾಡಿದಾಗ ಕ್ಲೈಮ್ಯಾಕ್ಸೇ ಕುಸಿದುಬಿತ್ತು.

ಎಸ್3ಯಿಂದ ಎಸ್9ಗೆ ಆರಾಮಾಗಿ ನಡೆದುಹೋಗೋ ನಮಗೆ ಇದು ಹೊಳೆಯೋದೇ ಇಲ್ಲ. ಆಗಿನ ಬ್ರಿಟಿಷ್ ಬೋಗಿಯಲ್ಲಿ ಪ್ರತಿ ಕಂಪಾರ್ಟ್‌ಮೆಂಟೂ ಒಂದು ಮುಚ್ಚಿದ ಡಬ್ಬಿ. ಬಾಗಿಲು ತೆಗೆದರೆ ಸೀದಾ ಹೊರಗೆ. ಪಕ್ಕದ ಕಂಪಾರ್ಟ್‌ಮೆಂಟಿಗೆ ದಾರಿ ಇಲ್ಲ, ಟಾಯ್ಲೆಟ್ಟೂ ಇಲ್ಲ. ಅಲ್ಲಿ ಉದ್ದಕ್ಕೂ ಕಾರಿಡಾರ್ ಇರುವ ಮೊದಲ ಟ್ರೇನ್ ಓಡಿದ್ದು 1892ರಲ್ಲಿ. ಇನ್ನು ಚೈನ್? 1864ರಲ್ಲಿ ಥಾಮಸ್ ಬ್ರಿಗ್ಸ್ ಎಂಬ ಬ್ಯಾಂಕ್ ಉದ್ಯೋಗಿಯ ಮೇಲೆ ಇಂಥದೇ ಕಂಪಾರ್ಟ್‌ಮೆಂಟಿನಲ್ಲಿ ಹಲ್ಲೆ ಮಾಡಿ ಕೊಂದ ಮೇಲೆ ಜನ ಹೆದರಿಬಿಟ್ಟರು. 20 ಮೈಲಿಗಿಂತ ಹೆಚ್ಚು ನಿಲ್ಲದೆ ಓಡುವ ಟ್ರೇನುಗಳಲ್ಲಿ ಪ್ರಯಾಣಿಕರು ಸಿಬ್ಬಂದಿಗೆ ಸೂಚನೆ ಕೊಡುವ ವ್ಯವಸ್ಥೆ ಇರಲೇಬೇಕು ಅಂತ ಕಾನೂನು ಬಂದದ್ದು 1868ರಲ್ಲಿ. ಆಗಲೂ ಹಗ್ಗ ಬೋಗಿಯ ಹೊರಗಡೆ, ಕಿಟಕಿಯಿಂದ ಕೈ ಚಾಚಿ ಎಳೀಬೇಕಿತ್ತು!

ಪ್ಯಾಡಿಂಗ್ಟನ್‌ನ ಗಾಜಿನ ಕಮಾನಿನ ವರ್ಣನೆಯೂ ಹೋಯ್ತು. ಈಗಿರುವ ಬ್ರುನೆಲ್‌ನ ಸ್ಟೇಷನ್ 1854ರದ್ದು.

'ವಿಕ್ಟೋರಿಯನ್' ಅಂದ್ರೆ 1837ರಿಂದ 1901, ಅಂದರೆ 64 ವರ್ಷ. ಹಾಗಾಗಿ ಚೆಕ್ ಮಾಡುವಾಗ ಮೊದಲು ಇಸವಿ, ಆಮೇಲೆ ಕಂಪನಿ ಹಿಡೀಬೇಕು. ಈ ಲೈನು ಗ್ರೇಟ್ ವೆಸ್ಟರ್ನ್ ಕಂಪನಿಯದ್ದು, ಹಳಿಗಳ ಅಂತರ 7 ಅಡಿ ಕಾಲು ಇಂಚು. ಬೇರೆ ಕಂಪನಿಯ 4 ಅಡಿ 8½ ಇಂಚಿನ ಎಂಜಿನ್ ಫೋಟೋ ನೋಡಿ ಬರೆದರೆ ತಪ್ಪಾಗುತ್ತೆ. ಸಿನಿಮಾ ನೋಡಿ ಬರೆಯೋದಂತೂ ಬೇಡವೇ ಬೇಡ. ಟ್ರೇನ್ ಎಲ್ಲಿ, ಎಷ್ಟೊತ್ತಿಗೆ ನಿಲ್ಲುತ್ತಿತ್ತು ಅನ್ನೋದಕ್ಕೆ 1839ರಿಂದ ಬರುತ್ತಿದ್ದ ಬ್ರ್ಯಾಡ್‌ಶಾ ಟೈಮ್‌ಟೇಬಲ್ ನೋಡಬೇಕು.

ಕಥೆ ಬರೆದ ಗೆಳೆಯನಿಗೆ ಎರಡು ದಿನ ನಮ್ಮ ಮೇಲೆ ಕೋಪ. ಮೂರನೇ ದಿನ ಅವನೇ ಹೊಸ ಕ್ಲೈಮ್ಯಾಕ್ಸ್ ತಂದ. ಈಗ ನಾಯಕಿ ಓಡುವ ಹಾಗಿಲ್ಲ, ಸ್ವಿಂಡನ್‌ವರೆಗೆ ಅವನ ಎದುರೇ ಕೂತು ಮಾತಾಡಬೇಕು. ಅಲ್ಲಿ ತಿಂಡಿಗೆ ಅಂತ ಟ್ರೇನ್ 10 ನಿಮಿಷ ನಿಲ್ಲುತ್ತೆ; ಆ ಕರಾರು 1895ರವರೆಗೂ ಇತ್ತು. ಅಲ್ಲಿ ಅವಳು ಡಬ್ಬಿ ಬದಲಿಸ್ತಾಳೆ, ಅವನು ಬೆನ್ನು ಬಿಡೋದಿಲ್ಲ. ಬ್ರಿಸ್ಟಲ್‌ನಲ್ಲಿ ಕರ್ಕೊಂಡು ಹೋಗೋಕೆ ಅಣ್ಣ ಬರಬೇಕು. ಆದರೆ ರೈಲು ಕಂಪನಿ 1840ರಿಂದಲೇ ಲಂಡನ್ ಟೈಮ್ ಪಾಲಿಸುತ್ತಿತ್ತು. ಸುಮಾರು 10 ನಿಮಿಷ ಹಿಂದಿದ್ದ ಬ್ರಿಸ್ಟಲ್ ಊರು ಅದನ್ನ ಒಪ್ಪಿದ್ದು 1852ರಲ್ಲಿ. ಅಣ್ಣ ಊರಿನ ಗಡಿಯಾರ ನೋಡಿಕೊಂಡು ಹೊರಡ್ತಾನೆ. ಅವನು ಬರೋ ಹೊತ್ತಿಗೆ ಪ್ಲಾಟ್‌ಫಾರ್ಮ್ ಖಾಲಿ.